ರೂಟ್ ಕಾಸ್: ಆಪರೇಟರ್ ನಿರ್ಲಕ್ಷ್ಯ

ನಮ್ಮ ಗೋಕುಲ ರೋಡ್, ತಾರಿಹಾಳ ಕಡೆಯ ಯಾವುದಾದರೂ ಸಣ್ಣ ಫ್ಯಾಕ್ಟರಿಯ ಕ್ವಾಲಿಟಿ ಕ್ಯಾಬಿನ್‌ಗೆ ಹೋಗಿ ಹಳೆಯ 8ಡಿ ರಿಪೋರ್ಟ್‌ಗಳ, ಅಂದ್ರೆ ಕಸ್ಟಮರ್ ದೂರಿಗೆ ಮೂಲ ಕಾರಣ (ರೂಟ್ ಕಾಸ್) ಹುಡುಕಿ ಎಂಟು ಹೆಜ್ಜೆಯಲ್ಲಿ ಬರೆಯುವ ಉತ್ತರಗಳ, ಫೈಲ್ ತೆಗೆಸಿ ನೋಡಿ. ನಾಲ್ಕು ಓದಿದರೆ ಸಾಕು, ಉಳಿದವನ್ನೆಲ್ಲ ಓದಿದ ಹಾಗೇ. ರೂಟ್ ಕಾಸ್: ಆಪರೇಟರ್ ನಿರ್ಲಕ್ಷ್ಯ. ಕರೆಕ್ಟಿವ್ ಆ್ಯಕ್ಷನ್: ಆಪರೇಟರ್‌ಗೆ ತರಬೇತಿ ಕೊಡಲಾಗಿದೆ. ಪ್ರಿವೆಂಟಿವ್ ಆ್ಯಕ್ಷನ್: ಇನ್ಸ್‌ಪೆಕ್ಷನ್ ಹೆಚ್ಚಿಸಲಾಗಿದೆ. ಕೆಳಗೆ ಮೂರು ಸಹಿ. ಪಾರ್ಟ್ ನಂಬರ್, ತಾರೀಖು ಮಾತ್ರ ಬೇರೆ. ಕೆಲವು ಸಲ ಅದನ್ನೂ ಬದಲಾಯಿಸಲು ಮರೆತಿರುತ್ತಾರೆ.

ಇದನ್ನು ಬರೆದವರು ದಡ್ಡರೇನಲ್ಲ. ಕಸ್ಟಮರ್ ಮೇಲ್ ಬೆಳಿಗ್ಗೆ ಬಂದಿರುತ್ತದೆ, ಸಂಜೆಯೊಳಗೆ ಉತ್ತರ ಬೇಕು, ಅತ್ತ ಡಿಸ್ಪ್ಯಾಚ್‌ನವರು ಲಾರಿ ನಿಲ್ಲಿಸಿಕೊಂಡು ಒದ್ದಾಡುತ್ತಿರುತ್ತಾರೆ, ಇತ್ತ ಮೀಟಿಂಗ್‌ಗೆ ಕರೆ ಬಂದಿರುತ್ತದೆ, ಅಷ್ಟರಲ್ಲಿ ಹೋದ ವರ್ಷದ ಎಕ್ಸೆಲ್ ಫೈಲ್ ಕೈಗೆ ಸಿಗುತ್ತದೆ. ಮುಗೀತು. ಮೇಲ್ ಹೋಯಿತು, ಕಂಪ್ಲೇಂಟ್ ಕ್ಲೋಸ್ ಆಯಿತು. ಸಮಸ್ಯೆ ಮಾತ್ರ ಶಾಪ್‌ನಲ್ಲೇ ಇದೆ, ಮುಂದಿನ ಲಾಟ್‌ನಲ್ಲಿ ಮತ್ತೆ ಬರುತ್ತದೆ.

ನಾನು ಇಂಥದ್ದೇ ಒಂದು ವಾಲ್ವ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹುಬ್ಬಳ್ಳಿ ಅಂದ್ರೆ ಹೊರಗಿನವರಿಗೆ ರೈಲ್ವೆ ಮತ್ತು ಮಿರ್ಚಿ ಗಿರ್ಮಿಟ್ ನೆನಪಾಗಬಹುದು, ಆದರೆ ಇಂಡಸ್ಟ್ರಿ ಬಲ್ಲವರಿಗೆ ಈ ಊರು ವಾಲ್ವ್‌ಗಳ ಊರು. ನನ್ನ ಜೊತೆ ಓದಿದವರು ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ, ಬಸ್ ಮತ್ತು ಟ್ರಕ್ ಪಾರ್ಟ್ ಮಾಡುವ ಕಡೆ ಇದ್ದಾರೆ. ಸಿಕ್ಕಾಗಲೆಲ್ಲ ಅವರದು ಒಂದೇ ಪ್ರಶ್ನೆ. "ನಿಮ್ಮ ಮಂದಿ ಈ ಫೈವ್ ವೈ, ಫಿಶ್‌ಬೋನ್ ಎಲ್ಲಾ ಹೆಂಗ ಒಪ್ಪಿಕೊಂಡ್ರೋ ಮಾರಾಯಾ? ನಮ್ಮವರು ಫಾರ್ಮ್ ನೋಡಿದ್ರ ಓಡಿ ಹೋಗ್ತಾರ."

ಫೈವ್ ವೈ ಅಂದ್ರೆ ಮೂಲ ಕಾರಣ ಸಿಗುವವರೆಗೆ ಮತ್ತೆ ಮತ್ತೆ ಯಾಕೆ ಅಂತ ಕೇಳುವುದು, ಫಿಶ್‌ಬೋನ್ ಅಂದ್ರೆ ಇರಬಹುದಾದ ಕಾರಣಗಳನ್ನೆಲ್ಲ ಮೀನಿನ ಮೂಳೆಯ ಹಾಗೆ ಬರೆಯುವ ಚಿತ್ರ. ಎಲ್ಲರೂ ಒಪ್ಪಿದ್ದಾರೆ ಅಂತ ನಾನು ಹೇಳಲಾರೆ. ಆದರೆ ಈಗ ನಮ್ಮ ಶಾಪ್‌ನಲ್ಲಿ ಕೆಲವರಾದರೂ, ಏನಾದರೂ ಕೆಟ್ಟರೆ "ಸರ, ಬೋರ್ಡ್ ತರ್ರಿ" ಅಂತ ತಾವೇ ಕೇಳುತ್ತಾರೆ. ಅಲ್ಲಿಗೆ ಬಂದದ್ದು ಹೇಗೆ ಅಂತ ಬರೆಯುತ್ತೇನೆ.

ಮೊದಲು ಒಂದು ಮಾತು. ನಮ್ಮ ಜನ ಈ ವಿಧಾನಗಳಿಂದ ದೂರ ಓಡುವುದು ಸೋಮಾರಿತನಕ್ಕಲ್ಲ. ಶಾಪ್ ಫ್ಲೋರ್‌ನಲ್ಲಿ ಕಾಗದ ಅಂದ್ರೆ ಏನು ಯೋಚಿಸಿ. ಕೆಲಸಗಾರನ ಕೈಗೆ ಕಂಪನಿಯಿಂದ ಕಾಗದ ಬರುವುದು ಎರಡೇ ಸಲ, ಒಂದು ಪಗಾರ ಚೀಟಿ, ಇನ್ನೊಂದು ಮೆಮೊ. ಹಾಗಿರುವಾಗ ಕ್ವಾಲಿಟಿಯವನು ಒಂದು ಫಾರ್ಮ್ ಹಿಡಿದುಕೊಂಡು ಬಂದು "ಇದು ಯಾಕೆ ಆಯಿತು ಹೇಳಿ" ಅಂದರೆ ಅವನಿಗೆ ಅದು ವಿಚಾರಣೆ ಥರ ಕೇಳಿಸುತ್ತದೆ. ನಮ್ಮಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದಾರೆ, ಎಲ್ಲರೂ ಕಾಕಾ ಅಂತಾರೆ. ನಾನು ಮೊದಲ ಸಲ ಫೈವ್ ವೈ ಶೀಟ್ ಹಿಡಿದು ಅವರ ಹತ್ತಿರ ಹೋದಾಗ ಕೇಳಿದ್ದು ಒಂದೇ ಮಾತು.

"ಇದ್ರಾಗ ನನ್ನ ಹೆಸರು ಬರತೈತೇನ್ರಿ?"

ಈ ಪ್ರಶ್ನೆಗೆ "ಬರಂಗಿಲ್ಲ ಕಾಕಾ" ಅಂತ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಲು ಆಗುವುದಿಲ್ಲ ಅನ್ನುವುದಾದರೆ ಉಳಿದದ್ದೆಲ್ಲ ಬಿಟ್ಟುಬಿಡಿ. ಟ್ರೇನಿಂಗ್ ಬೇಡ, ಪೋಸ್ಟರ್ ಬೇಡ. ಯಾರು ಅನ್ನುವ ಪ್ರಶ್ನೆ ಇರುವವರೆಗೂ ಯಾಕೆ ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದಿಲ್ಲ. ಸಿಕ್ಕುವುದು ಸುಮ್ನೆ ತಪ್ಪಿಸಿಕೊಳ್ಳುವ ಉತ್ತರ.

ಫೈವ್ ವೈ ಅಂದ ತಕ್ಷಣ ಟ್ರೇನಿಂಗ್‌ಗಳಲ್ಲಿ ಟೊಯೊಟಾದ ತಾಯಿಚಿ ಓನೊ ಅವರ ಉದಾಹರಣೆ ಹೇಳುತ್ತಾರೆ. ಮಷೀನ್ ನಿಂತಿದೆ. ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಗಿದೆ. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಕಾಗಿಲ್ಲ. ಯಾಕೆ? ಪಂಪ್ ಸರಿಯಾಗಿ ಎಣ್ಣೆ ಎತ್ತುತ್ತಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿದೆ. ಯಾಕೆ? ಸ್ಟ್ರೇನರ್ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಎಲ್ಲರೂ ಇದನ್ನು ಕೇಳಿರುತ್ತಾರೆ, ಐದು ಸಲ ಯಾಕೆ ಅನ್ನಬೇಕು ಅಂತ ನೆನಪಿಟ್ಟುಕೊಂಡು ಎದ್ದು ಬರುತ್ತಾರೆ. ಆದರೆ ಆ ಐದು ಉತ್ತರಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಇಲ್ಲ, ಗಮನಿಸಿದಿರಾ? ಫ್ಯೂಸ್, ಬೇರಿಂಗ್, ಪಂಪ್, ಶಾಫ್ಟ್, ಸ್ಟ್ರೇನರ್. ನಮ್ಮ ಕಡೆ ಆಗಿದ್ದರೆ ಎರಡನೇ ಯಾಕೆಗೇ "ಮೇಂಟೆನನ್ಸ್‌ನವ ಎಣ್ಣಿ ಹಾಕಿಲ್ರಿ" ಅಂತ ಬಂದು, ಅವನಿಗೊಂದು ಮೆಮೊ ಹೋಗಿ, ಸ್ಟ್ರೇನರ್ ಇಲ್ಲದ ಪಂಪ್ ಹಾಗೇ ಓಡುತ್ತಿತ್ತು.

ಇನ್ನು 8ಡಿ. ಇದನ್ನು ಫೋರ್ಡ್ ಕಂಪನಿ 1987ರಲ್ಲಿ ಪುಸ್ತಕ ಮಾಡಿ ಹೊರತಂದಿತು, ಆಮೇಲೆ ಅದು ವಾಹನ ಉದ್ಯಮವನ್ನೆಲ್ಲ ಹಬ್ಬಿ, ಅಲ್ಲಿಂದ ನಮ್ಮಂಥವರ ತನಕ ಬಂತು. ಎಂಟು ಹೆಜ್ಜೆ: ತಂಡ ಕಟ್ಟುವುದು, ಸಮಸ್ಯೆ ಏನು ಅಂತ ಬರೆಯುವುದು, ಸದ್ಯಕ್ಕೆ ಕೆಟ್ಟ ಮಾಲು ಹೊರಗೆ ಹೋಗದಂತೆ ತಡೆಯುವುದು, ಮೂಲ ಕಾರಣ ಹುಡುಕುವುದು, ಪರಿಹಾರ ಆರಿಸುವುದು, ಅದನ್ನು ಜಾರಿ ಮಾಡುವುದು, ಮತ್ತೆ ಬಾರದಂತೆ ನೋಡಿಕೊಳ್ಳುವುದು, ಕೊನೆಗೆ ತಂಡಕ್ಕೆ ಶಭಾಷ್ ಹೇಳುವುದು. ಎಂಟನೇ ಡಿ ಬರೀ ಶಭಾಷ್‌ಗೇ ಇದೆ! ನಾನು ನೋಡಿದ ರಿಪೋರ್ಟ್‌ಗಳಲ್ಲಿ ಆ ಜಾಗದಲ್ಲಿ ಒಂದೋ ಖಾಲಿ ಇರುತ್ತದೆ, ಇಲ್ಲವೇ ಮ್ಯಾನೇಜರ್ ಸಹಿ ಇರುತ್ತದೆ.

ನಮ್ಮಲ್ಲಿ ಬದಲಾವಣೆ ಶುರುವಾದದ್ದು ಟ್ರೇನಿಂಗ್‌ನಿಂದಲ್ಲ, ಒಂದು ಲೀಕ್‌ನಿಂದ. ಸ್ವಲ್ಪ ಉದ್ದ ಕತೆ, ಆದರೆ ಇದನ್ನು ಬಿಟ್ಟರೆ ಉಳಿದದ್ದು ಬರೀ ಉಪದೇಶ ಆಗುತ್ತದೆ.

2 ಇಂಚಿನ ಗೇಟ್ ವಾಲ್ವ್‌ಗಳು ಸೀಟ್ ಟೆಸ್ಟ್‌ನಲ್ಲಿ ಫೇಲ್ ಆಗತೊಡಗಿದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಾಲ್ವ್ ಜೋಡಿಸಿದ ಮೇಲೆ ಮೊದಲು ಶೆಲ್ ಟೆಸ್ಟ್. ಒಳಗೆ ನೀರು ತುಂಬಿ, ಅದು ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಕೊಟ್ಟು, ಬಾಡಿ ಎಲ್ಲಾದರೂ ಬೆವರುತ್ತದಾ ನೋಡುತ್ತೇವೆ. ಆಮೇಲೆ ಸೀಟ್ ಟೆಸ್ಟ್. ವಾಲ್ವ್ ಮುಚ್ಚಿ ಒಂದು ಕಡೆಯಿಂದ 4ರಿಂದ 7 ಬಾರ್ ಗಾಳಿ ಬಿಟ್ಟು, ಇನ್ನೊಂದು ಕಡೆ ನೀರಿನಲ್ಲಿ ಗುಳ್ಳೆ ಏಳುತ್ತದಾ ನೋಡುವುದು. ಗೇಟಿನ (ದಾರಿ ಮುಚ್ಚುವ ಬಾಗಿಲಿನ) ಮುಖ ಮತ್ತು ಅದು ಕೂರುವ ಸೀಟ್ ಒಂದಕ್ಕೊಂದು ಸರಿಯಾಗಿ ಕೂರಲಿ ಅಂತ ಅವನ್ನು ಪೇಸ್ಟ್ ಹಾಕಿ ಉಜ್ಜುತ್ತೇವೆ, ಅದಕ್ಕೆ ಲ್ಯಾಪಿಂಗ್ ಅಂತಾರೆ. ಕೈ ಹದದ ಕೆಲಸ ಅದು.

ಗುಳ್ಳೆ ಕಂಡ ಹತ್ತು ನಿಮಿಷದಲ್ಲಿ ಮೂರು ಕಾರಣ ತಯಾರಾದವು. ಪ್ರೊಡಕ್ಷನ್ ಇನ್‌ಚಾರ್ಜ್ ಅಂದರು, ಹೊಸ ಹುಡುಗನ ಲ್ಯಾಪಿಂಗ್ ಸರಿ ಇಲ್ಲ. ಕಾಕಾ ಅಂದರು, "ಬೆಳಗಾವಿ ಕಾಸ್ಟಿಂಗ್ ಕೈ ಕೊಟ್ಟೈತ್ರಿ, ಒಳಗ ತೂತು ಅದಾವ." ಅಸೆಂಬ್ಲಿಯವರು ಅಂದರು, ಟೆಸ್ಟ್ ಬೆಂಚಿನ ವಾಷರ್ ಹೋಗಿದೆ. ಮೂರೂ ಆಗಬಹುದಾದ ಕಾರಣಗಳೇ. ಮೂರರಲ್ಲೂ ಹೇಳಿದವರ ವಿಭಾಗ ಮಾತ್ರ ಇಲ್ಲ.

ನಾನು ಆವತ್ತು ಫಾರ್ಮ್ ತೆಗೆಯಲಿಲ್ಲ. ಮೊದಲು ಜೋಡಿಸಿಟ್ಟ ಮಾಲನ್ನೆಲ್ಲ ಒಂದು ಕಡೆ ತೆಗೆದಿಟ್ಟು, ಕೆಂಪು ಚಾಕ್‌ನಿಂದ ಗುರುತು ಹಾಕಿ, ಇದು ಹೊರಗೆ ಹೋಗುವಂತಿಲ್ಲ ಅಂತ ಮಾಡಿದೆವು. ಆಮೇಲೆ ಲ್ಯಾಪಿಂಗ್ ಟೇಬಲ್ ಪಕ್ಕದಲ್ಲೇ ಒಂದು ಹಳೆಯ ಕರಿ ಬೋರ್ಡ್ ನಿಲ್ಲಿಸಿ ನಡುವೆ ಗೆರೆ ಎಳೆದೆ. ಎಡಕ್ಕೆ "ಎಲ್ಲಿ ಐತಿ", ಬಲಕ್ಕೆ "ಎಲ್ಲಿ ಇಲ್ಲ". ಕೆಪ್ನರ್ ಮತ್ತು ಟ್ರೆಗೋ ಅಂತ ಇಬ್ಬರು ಅಮೆರಿಕನ್ನರು ಐವತ್ತರ ದಶಕದಲ್ಲೇ ರೂಪಿಸಿದ ವಿಧಾನ ಇದು, ಆ ಹೆಸರುಗಳನ್ನು ನಾನು ಅಲ್ಲಿ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ಚಹಾ ಕುಡಿಯುತ್ತಾ ಒಬ್ಬೊಬ್ಬರೂ ಹೇಳಿದ್ದನ್ನು ಬರೆಯುತ್ತಾ ಹೋದೆ. ಒಂದೇ ಷರತ್ತು, ನೋಡಿದ್ದನ್ನು ಹೇಳಬೇಕು, ಅನಿಸಿದ್ದನ್ನಲ್ಲ.

2 ಇಂಚಿನದರಲ್ಲಿ ಇದೆ, 3 ಇಂಚಿನದರಲ್ಲಿ ಇಲ್ಲ. ಸೀಟ್ ಟೆಸ್ಟ್‌ನಲ್ಲಿ ಇದೆ, ಶೆಲ್ ಟೆಸ್ಟ್‌ನಲ್ಲಿ ಇಲ್ಲ. ಊಟದ ನಂತರ ಜಾಸ್ತಿ, ಬೆಳಿಗ್ಗೆ ಕಡಿಮೆ. ಹೊಸ ಹುಡುಗ ಮಾಡಿದ್ದರಲ್ಲಿ ಇದೆ, ಹಳಬರು ಮಾಡಿದ್ದರಲ್ಲಿ ಇಲ್ಲ.

ಕೊನೆಯ ಸಾಲು ಬರೆದಾಗ ಪ್ರೊಡಕ್ಷನ್‌ನವರ ಮುಖ ಅರಳಿತು. ಹುಡುಗ ನೆಲ ನೋಡುತ್ತಾ ನಿಂತ.

ಕಾಕಾ ಹೇಳಿದ್ದನ್ನೇ ಮೊದಲು ಪರೀಕ್ಷಿಸೋಣ ಅಂದೆ. ಇದು ಮುಖ್ಯ. ಹಿರಿಯರ ಊಹೆ ತಪ್ಪು ಅಂತ ಇಂಜಿನಿಯರ್ ಹೇಳಿದರೆ ಅಲ್ಲಿಗೆ ಸಂಬಂಧ ಮುಗೀತು, ಮುಂದೆ ಅವರು ಬಾಯಿ ಬಿಡುವುದಿಲ್ಲ. ಬೋರ್ಡ್ ತೋರಿಸಿ ಕೇಳಿದೆ. "ಕಾಕಾ, ಕಾಸ್ಟಿಂಗ್‌ದಾಗ ತೂತು ಇದ್ರ ಎಲ್ಲೆಲ್ಲಿ ಕಾಣಿಸಬೇಕು?" ಅವರು ಸ್ವಲ್ಪ ಹೊತ್ತು ಬೋರ್ಡ್ ನೋಡಿದರು. "ಶೆಲ್ ಟೆಸ್ಟ್‌ದಾಗ ಮೊದಲು ಬರಬೇಕಿತ್ತಲ್ಲ. ಅಲ್ಲಿ ಎಲ್ಲಾ ಪಾಸ್ ಆಗ್ಯಾವ. ಹಂಗಾರ ಇದು ಅಲ್ಲ ಬಿಡ್ರಿ." ತಾವೇ ಎದ್ದು ತಮ್ಮ ಊಹೆಗೆ ಅಡ್ಡ ಗೆರೆ ಎಳೆದರು. ಯಾರೂ ಅವರನ್ನು ಸೋಲಿಸಲಿಲ್ಲ. ಬೋರ್ಡಿನ ದೊಡ್ಡ ಉಪಯೋಗ ಅಂದ್ರೆ ಇದೇ ಅಂತ ನನಗೆ ಅನಿಸುತ್ತದೆ, ಜಗಳ ಇಬ್ಬರು ಮನುಷ್ಯರ ನಡುವೆ ಇರುವುದಿಲ್ಲ. ವಾಷರ್ ಬದಲಾಯಿಸಿ ನೋಡಿದೆವು, ಗುಳ್ಳೆ ಹಾಗೇ ಇತ್ತು, ಅದಕ್ಕೂ ಗೆರೆ.

ಈಗ 3 ಇಂಚಿನ ವಿಷಯ. 2 ಇಂಚಿನದರಲ್ಲಿ ಮಾತ್ರ ಯಾಕೆ ಬರಬೇಕು? ಪೇಸ್ಟ್ ಒಂದೇ, ಕೈ ಒಂದೇ, ಟೇಬಲ್ ಒಂದೇ. ವಾಲ್ವ್ ಟೆಸ್ಟ್ ಹೇಗೆ ಮಾಡಬೇಕು ಅಂತ ಹೇಳುವ ಸ್ಟ್ಯಾಂಡರ್ಡ್ ಎಪಿಐ 598 ತೆಗೆದು ನೋಡಿದರೆ ಉತ್ತರ ಅಲ್ಲೇ ಇತ್ತು. ಮೆಟಲ್ ಸೀಟ್ ಇರುವ ಗೇಟ್ ವಾಲ್ವ್‌ನಲ್ಲಿ 2 ಇಂಚಿನವರೆಗೆ ಒಂದು ಗುಳ್ಳೆಯೂ ಬರಬಾರದು. ಎರಡೂವರೆಯಿಂದ 6 ಇಂಚಿನವಕ್ಕೆ ನಿಮಿಷಕ್ಕೆ 24 ಗುಳ್ಳೆವರೆಗೂ ನಡೆಯುತ್ತದೆ. ಟೆಸ್ಟ್ ಮಾಡುವವರು ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದದ್ದು ಬರೀ ಓಕೆ, ನಾಟ್ ಓಕೆ. ಗುಳ್ಳೆ ಎಣಿಸಿ ಅಂಕೆ ಬರೆಯಿರಿ ಅಂತ ಕೇಳಿಕೊಂಡೆ. ಬರೆದಾಗ ಗೊತ್ತಾಯಿತು, 3 ಇಂಚಿನವೂ ಲೀಕ್ ಆಗುತ್ತಿದ್ದವು, ಮಿತಿಯೊಳಗೆ ಇದ್ದದ್ದರಿಂದ ಓಕೆ ಅಂತ ದಾಟುತ್ತಿದ್ದವು. "ಇಲ್ಲ" ಅಂತ ಬೋರ್ಡಿನಲ್ಲಿ ಬರೆದದ್ದು ಸುಳ್ಳಾಯಿತು. ಇಂಥದ್ದೇ ದೋಷ ಬೇರೆ ಕಡೆಯೂ ಇದೆಯಾ, ಬರಬಹುದಾ ನೋಡಿ ಅಂತ ಕ್ವಾಲಿಟಿ ವ್ಯವಸ್ಥೆಯ ಸ್ಟ್ಯಾಂಡರ್ಡ್ ಐಎಸ್ಒ 9001ರ 10.2ರಲ್ಲಿ ಒಂದು ಸಾಲು ಇದೆ, ಆಡಿಟ್ ಸಮಯದಲ್ಲಿ ಅದಕ್ಕೆ ಏನೋ ಒಂದು ಉತ್ತರ ಬರೆದು ಮುಗಿಸುತ್ತೇವೆ ಅಲ್ವಾ, ಆ ಸಾಲಿಗೆ ಅರ್ಥ ಇದೆ ಅಂತ ನಮ್ಮ ಟೆಸ್ಟ್ ಬೆಂಚಿನವರಿಗೆ ಆವತ್ತು ಅನಿಸಿತು.

ಆಮೇಲೆ ಹುಡುಗನ ಸಾಲು. ಎರಡು ಲ್ಯಾಪಿಂಗ್ ಟೇಬಲ್ ಇವೆ. ಒಂದು ಒಳಗೆ, ಇನ್ನೊಂದು ಶಟರ್ ಪಕ್ಕ. ಶಟರ್ ಪಕ್ಕದಲ್ಲಿ ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಗಾಳಿ ಬೇರೆ, ಹಾಗಾಗಿ ಹಳಬರು ಒಳಗಿನ ಟೇಬಲ್ ಹಿಡಿದಿದ್ದರು. ಹೊಸಬನಿಗೆ ಉಳಿದದ್ದು ಇದೇ. ಹಾಗಾದರೆ ಲೀಕ್ ಆಗುತ್ತಿದ್ದದ್ದು ಹುಡುಗನ ಪೀಸ್‌ಗಳಾ, ಆ ಟೇಬಲ್ಲಿನ ಪೀಸ್‌ಗಳಾ? ರಿಜಿಸ್ಟರ್ ನೋಡಿದರೆ ಎರಡೂ ಒಂದೇ. ಬೇರೆ ಮಾಡಲು ಒಂದೇ ದಾರಿ, ಜಾಗ ಬದಲಾಯಿಸುವುದು. ಕಾಕಾ ಒಪ್ಪಿದರು. "ನೋಡೇ ಬಿಡೂಣು ತಮ್ಮಾ, ನೀ ಒಳಗ ಕುಂಡ್ರು." ಒಂದು ಪಾಳಿ ಪೂರ್ತಿ ಅವರು ಶಟರ್ ಪಕ್ಕ ಕೂತರು. ಸಂಜೆ ಟೆಸ್ಟ್ ಬೆಂಚಿನಲ್ಲಿ ಗುಳ್ಳೆ ಬಂದದ್ದು ಕಾಕಾ ಅವರ ಪೀಸ್‌ಗಳಿಗೆ. ಹುಡುಗನವು ಶುದ್ಧ.

ಅಲ್ಲಿಂದ ಮುಂದೆ ನಾನು ಯಾರನ್ನೂ ಹುರಿದುಂಬಿಸಬೇಕಾಗಲಿಲ್ಲ. ಕಾಕಾ ಅವರಿಗೆ ಅದು ಮಾನದ ಪ್ರಶ್ನೆ ಆಯಿತು. ಫೇಲ್ ಆದ ಗೇಟ್‌ಗಳನ್ನು ಬಿಚ್ಚಿಸಿ, ಮುಖಕ್ಕೆ ನೀಲಿ ಬಳಿದು ಸೀಟಿಗೆ ಒತ್ತಿ ನೋಡಿದರು. ನೀಲಿ ಸುತ್ತಲೂ ಒಂದೇ ಸಮ ಬರಬೇಕು. ಬಂದಿತ್ತು ಕೂಡ, ಆದರೆ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಅಡ್ಡ ದಾಟಿತ್ತು. ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಗೀರು. ಲ್ಯಾಪಿಂಗ್ ಪೇಸ್ಟ್‌ನ ಕಣ ಅಷ್ಟು ಆಳದ ಗೀರು ಹಾಕುವುದಿಲ್ಲ, ಅದಕ್ಕಿಂತ ದಪ್ಪನೆಯದು ಏನೋ ಪೇಸ್ಟ್‌ನಲ್ಲಿ ಸೇರಿರಬೇಕು. ಶಟರ್ ಪಕ್ಕದ ಇನ್ನೊಂದು ಜಾಗದಲ್ಲಿ ಕಾಸ್ಟಿಂಗ್‌ಗಳನ್ನು ಹ್ಯಾಂಡ್ ಗ್ರೈಂಡರ್‌ನಲ್ಲಿ ಉಜ್ಜುವ ಕೆಲಸ ಊಟದ ನಂತರ ಶುರುವಾಗುತ್ತದೆ. ಅದೇ ಹೊತ್ತಿಗೆ ಲೋಡಿಂಗ್‌ಗೆ ಶಟರ್ ತೆರೆದಿರುತ್ತದೆ. ಆಷಾಢದ ಗಾಳಿ ತಾರಿಹಾಳದಲ್ಲಿ ಹೇಗೆ ಬೀಸುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಗ್ರೈಂಡಿಂಗ್ ವ್ಹೀಲಿನ ಪುಡಿ ನೇರ ಟೇಬಲ್ ಮೇಲೆ. ಅಲ್ಲಿ ಪೇಸ್ಟ್ ಇದ್ದದ್ದು ಪ್ಲಾಸ್ಟಿಕ್ ಚಹಾ ಕಪ್ಪಿನಲ್ಲಿ, ಮುಚ್ಚಳ ಇಲ್ಲದೆ.

ಇಲ್ಲಿ ನಿಲ್ಲಿಸಿದ್ದರೆ ಮತ್ತೆ "ಹುಡುಗ ಪೇಸ್ಟ್ ಮುಚ್ಚಿಡಲಿಲ್ಲ" ಅಂತ ಆಗುತ್ತಿತ್ತು. ಇನ್ನೊಂದು ಯಾಕೆ ಕೇಳಬೇಕು. ಪೇಸ್ಟ್ ಡಬ್ಬದಲ್ಲಿ ಬರುತ್ತದೆ, ಡಬ್ಬಕ್ಕೆ ಮುಚ್ಚಳ ಇದೆ, ಹಾಗಿದ್ದೂ ಕಪ್ಪಿನಲ್ಲಿ ಯಾಕೆ? ಸ್ಟೋರ್ಸ್‌ನವರು ಡಬ್ಬ ಕೊಡುವುದಿಲ್ಲ, ದಿನಕ್ಕೆ ಇಷ್ಟು ಅಂತ ತೆಗೆದುಕೊಡುತ್ತಾರೆ, ತರಲು ಕೈಗೆ ಸಿಕ್ಕಿದ್ದು ಚಹಾ ಕಪ್ಪು. ದಿನಕ್ಕೆ ಇಷ್ಟು ಅಂತ ಯಾಕೆ? ಕನ್ಸ್ಯೂಮಬಲ್ ಖರ್ಚು ಕಡಿಮೆ ಮಾಡಿ ಅಂತ ಮೇಲಿನಿಂದ ನೋಟಿಸ್ ಬಂದಿದೆ.

ಐದನೇ ಯಾಕೆ ಸಾಹೇಬರ ಕ್ಯಾಬಿನ್ ಬಾಗಿಲಿಗೆ ಹೋಗಿ ನಿಂತಿತು!

ಹೆಚ್ಚಿನ ಕಡೆ ಫೈವ್ ವೈ ಮೂರಕ್ಕೇ ನಿಲ್ಲುವುದು ಇದಕ್ಕೇ ಅಂತ ನನ್ನ ಅನುಮಾನ. ಮೂರರವರೆಗೆ ಮಷೀನ್ ಮತ್ತು ಮನುಷ್ಯ ಇರುತ್ತಾರೆ, ಅದರಾಚೆ ಪಗಾರ ಕೊಡುವವರ ತೀರ್ಮಾನಗಳಿರುತ್ತವೆ. ಅಲ್ಲಿಗೆ ಹೋಗುವ ಮೊದಲು ನಾವು ಒಂದು ಕೆಲಸ ಮಾಡಿದೆವು, ಅದನ್ನು ಯಾರೂ ಬಿಡಬಾರದು. ಕಾರಣ ನಿಜವಾ ಅಂತ ಆನ್ ಆಫ್ ಮಾಡಿ ನೋಡಿದೆವು. ಹೊಸ ಡಬ್ಬದ ಶುದ್ಧ ಪೇಸ್ಟ್ ಹಾಕಿ ಅದೇ ಟೇಬಲ್ಲಿನಲ್ಲಿ, ಶಟರ್ ಮುಚ್ಚಿಸಿ ಮಾಡಿದೆವು. ಲೀಕ್ ಇಲ್ಲ. ಮತ್ತೆ ಕಪ್ಪಿನ ಹಳೆಯ ಪೇಸ್ಟ್ ಹಾಕಿದೆವು. ಲೀಕ್ ಬಂತು. ಮತ್ತೆ ಶುದ್ಧ ಪೇಸ್ಟ್, ಲೀಕ್ ಹೋಯಿತು. ಕೆಟ್ಟದ್ದನ್ನು ಸರಿ ಮಾಡಿ ತೋರಿಸಿದರೆ ಅರ್ಧ ಸಾಬೀತಾದ ಹಾಗೆ. ಅದನ್ನು ಬೇಕೆಂದಾಗ ಮತ್ತೆ ಕೆಡಿಸಿ ತೋರಿಸಿದರೆ ಮಾತ್ರ ಪೂರ್ತಿ.

ಸಾಹೇಬರ ಮುಂದೆ ನಾನು ನೋಟಿಸ್ ಅನ್ನುವ ಪದ ಬಳಸಲೇ ಇಲ್ಲ. ಎರಡು ಗೇಟ್ ಮತ್ತು ಆ ಚಹಾ ಕಪ್ಪು ತೆಗೆದುಕೊಂಡು ಹೋಗಿ ಟೇಬಲ್ ಮೇಲೆ ಇಟ್ಟೆ, ಕಾಕಾ ಅವರನ್ನೂ ಕರೆದುಕೊಂಡು ಹೋಗಿದ್ದೆ, ವಿವರಿಸಿದ್ದು ಅವರೇ. ಸಾಹೇಬರು ಕಪ್ಪಿನೊಳಗೆ ಬೆರಳು ಹಾಕಿ ಪೇಸ್ಟ್ ಉಜ್ಜಿ ನೋಡಿದರು. ಆಮೇಲೆ ಸ್ಟೋರ್ಸ್‌ನವರನ್ನು ಕರೆಸಿ, ಪೇಸ್ಟ್‌ನಲ್ಲಿ ಉಳಿದದ್ದು ಎಷ್ಟು, ಕೆಟ್ಟ ಪೀಸ್ ಮತ್ತೆ ಸರಿ ಮಾಡುವ ರಿವರ್ಕ್‌ಗೆ ಹೋದದ್ದು ಎಷ್ಟು ಅಂತ ಕೇಳಿದರು. ಸ್ಟೋರ್ಸ್‌ನವರು ತಲೆ ಕೆರೆದುಕೊಂಡರು. ಮಾರನೇ ದಿನ ಮುಚ್ಚಳ ಇರುವ ಸಣ್ಣ ಸ್ಟೀಲ್ ಡಬ್ಬಿಗಳು ಬಂದವು, ಟೇಬಲ್ ಒಳಗೆ ಸರಿಯಿತು, ಗ್ರೈಂಡಿಂಗ್ ಜಾಗಕ್ಕೆ ಪರದೆ ಬಂತು. ಹುಡುಗನಿಗೆ ಯಾವ ತರಬೇತಿಯೂ ಆಗಲಿಲ್ಲ. ಆ ಸಲದ 8ಡಿ ರಿಪೋರ್ಟ್‌ನಲ್ಲಿ ಯಾರ ಹೆಸರೂ ಇರಲಿಲ್ಲ. ಎಂಟನೇ ಡಿ ಒಂದನ್ನು ಬಿಟ್ಟು, ಅಲ್ಲಿ ಐದು ಹೆಸರು ಬರೆದೆವು, ಹುಡುಗನದೂ ಸೇರಿ.

ಈಗ ನನ್ನ ಗೆಳೆಯರು ಕೇಳುವ ಹೇಗೆ ಅನ್ನುವ ಪ್ರಶ್ನೆಗೆ ಬರುತ್ತೇನೆ.

ಮೊದಲ ಸಮಸ್ಯೆ ಆರಿಸುವಾಗ ಕಸ್ಟಮರ್‌ಗೆ ನೋವಾಗಿರುವುದನ್ನಲ್ಲ, ಕೆಲಸಗಾರರಿಗೆ ನೋವಾಗಿರುವುದನ್ನು ಹಿಡಿಯಿರಿ. ಕಸ್ಟಮರ್ ದೂರದ ಪುಣೆಯಲ್ಲೋ ಚೆನ್ನೈನಲ್ಲೋ ಇರುತ್ತಾನೆ. ರಿವರ್ಕ್ ಮಾಡುವವನು ಇಲ್ಲೇ ಇದ್ದಾನೆ. ರಿವರ್ಕ್ ಪೀಸ್ ಅವತ್ತಿನ ಲೆಕ್ಕಕ್ಕೆ ಬರುವುದಿಲ್ಲ, ಇನ್ಸೆಂಟಿವ್ ಹೋಗುತ್ತದೆ, ಊರಿಗೆ ಹೋಗುವ ಕಡೇ ಬಸ್ ತಪ್ಪುತ್ತದೆ. ಕುಂದಗೋಳ, ಕಲಘಟಗಿಯಿಂದ ದಿನಾ ಬಂದು ಹೋಗುವವರಿಗೆ ಬಸ್ ತಪ್ಪುವುದು ಸಣ್ಣ ವಿಷಯ ಅಲ್ಲ. ಅದನ್ನು ನಿಲ್ಲಿಸಿ ತೋರಿಸಿದರೆ ನಿಮ್ಮ ವಿಧಾನದ ಬಗ್ಗೆ ನೀವು ಭಾಷಣ ಮಾಡಬೇಕಾಗಿಲ್ಲ, ಅವರೇ ಕ್ಯಾಂಟೀನ್‌ನಲ್ಲಿ ಮಾತಾಡುತ್ತಾರೆ.

ಬರೆಯುವ ಕೆಲಸ ನೀವು ಮಾಡಿ. ಹೇಳುವ ಕೆಲಸ ಅವರದು. ಫಾರ್ಮ್ ತುಂಬಿಸಿ ಅಂತ ಅವರ ಕೈಗೆ ಕೊಟ್ಟರೆ, ಅದೂ ಇಂಗ್ಲಿಷ್ ಫಾರ್ಮ್, ಚೆನ್ನಾಗಿ ಗೊತ್ತಿರುವವನೂ ಬಾಯಿ ಮುಚ್ಚಿಕೊಳ್ಳುತ್ತಾನೆ. ಬೋರ್ಡ್ ಮೇಲೆ ನಮ್ಮ ಕನ್ನಡದಲ್ಲಿ ಬರೆದು, ರಾತ್ರಿ ನೀವೇ ಅದನ್ನು ಕಸ್ಟಮರ್ ಕೇಳಿದ ನಮೂನೆಗೆ ಇಳಿಸಿ. ಇದು ಹೆಚ್ಚಿನ ಕೆಲಸ ಅಂತ ಗೊತ್ತು. ಮಾಡಲೇಬೇಕು.

ಮೀಟಿಂಗ್ ರೂಮ್ ಬೇಡ. ಎಸಿ ರೂಮಿನಲ್ಲಿ ಕೂತ ಫಿಟ್ಟರ್ ಮಾತಾಡುವುದಿಲ್ಲ, ಸುಮ್ನೆ ಹೌದ್ರಿ ಹೌದ್ರಿ ಅಂತಾನೆ. ಮಷೀನ್ ಪಕ್ಕ ನಿಂತರೆ ಕೈ ಮಾಡಿ ತೋರಿಸುತ್ತಾನೆ, ಅರ್ಧ ವಿಷಯ ಆ ಕೈ ತೋರಿಸುವುದರಲ್ಲೇ ಇರುತ್ತದೆ.

ಎಲ್ಲದಕ್ಕೂ 8ಡಿ ಮಾಡಲು ಹೋಗಬೇಡಿ. ಇದು ಹೊಸದಾಗಿ ಕಲಿತ ಇಂಜಿನಿಯರ್‌ಗಳ ರೋಗ. ಬೋಲ್ಟ್ ಸಡಿಲ ಇದ್ದರೆ ಬಿಗಿ ಮಾಡಿ, ಫಿಶ್‌ಬೋನ್ ಬರೆಯಬೇಡಿ. ಕಾರಣ ಗೊತ್ತಿರುವುದಕ್ಕೆ ಇವು ಯಾವುದೂ ಬೇಡ. ಮತ್ತೆ ಮತ್ತೆ ಬರುವುದು, ಮತ್ತು ಮೂರು ಜನ ಮೂರು ಕಾರಣ ಹೇಳುವುದು, ಅಂಥದ್ದಕ್ಕೆ ಮಾತ್ರ ಬೋರ್ಡ್ ಹೊರಗೆ ಬರಲಿ. ಫಿಶ್‌ಬೋನ್ ಬಗ್ಗೆ ನನಗೆ ಸ್ವಲ್ಪ ತಕರಾರು ಕೂಡ ಇದೆ. ಕಾವೊರು ಇಶಿಕಾವ ಅವರು ಮಾಡಿದ ಒಳ್ಳೆಯ ಸಾಧನ, ಕೆಲಸಗಾರರೇ ಸಣ್ಣ ಗುಂಪಾಗಿ ಕೂತು ಸಮಸ್ಯೆ ಬಿಡಿಸುವ ಜಪಾನಿನ ಕ್ವಾಲಿಟಿ ಸರ್ಕಲ್‌ಗಳ ಹಿಂದೆ ಇದ್ದವರೂ ಅವರೇ, ಕಾರ್ಖಾನೆಯ ಸಾಮಾನ್ಯ ಕೆಲಸಗಾರನೂ ಬಳಸಲಿ ಅನ್ನುವುದೇ ಅಲ್ಲಿನ ಉದ್ದೇಶ. 1962ರಲ್ಲಿ ಅಲ್ಲಿ ಶುರುವಾದ ಸರ್ಕಲ್‌ಗಳು 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ನಮ್ಮ ದೇಶಕ್ಕೂ ಬಂದವು. ಆದರೆ ನಮ್ಮಲ್ಲಿ ಮೀನಿನ ಮೂಳೆಗಳನ್ನು ತುಂಬಿಸುವುದೇ ಕೆಲಸ ಅಂತ ಆಗಿಬಿಟ್ಟಿದೆ. ಮನುಷ್ಯ, ಮಷೀನ್, ಮೆಟೀರಿಯಲ್, ಮೆಥಡ್ ಅಂತ ಒಂದೊಂದಕ್ಕೂ ನಾಲ್ಕು ಊಹೆ ಬರೆದು, ಚಂದದ ಚಿತ್ರ ಮಾಡಿ, ಕೊನೆಗೆ ಕೈ ಎತ್ತಿಸಿ ಓಟು ಹಾಕಿ ಕಾರಣ ಆರಿಸುತ್ತಾರೆ. ಕಾರಣ ಏನು ಎಲೆಕ್ಷನ್ನಿಗೆ ನಿಂತಿದೆಯಾ? ಎಲ್ಲಿದೆ, ಎಲ್ಲಿಲ್ಲ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಬೇಕಾದರೆ ಮೂಳೆ ಬರೆಯಿರಿ.

ನವೆಂಬರ್ ಬಂತೆಂದರೆ ಕ್ವಾಲಿಟಿ ಮಂತ್. ಬ್ಯಾನರ್, ಪ್ರತಿಜ್ಞೆ, ಘೋಷಣೆ ಸ್ಪರ್ಧೆ, ಗೆದ್ದವರಿಗೆ ಟಿಫಿನ್ ಬಾಕ್ಸ್. ನನಗೆ ಅದರ ಮೇಲೆ ಸಿಟ್ಟೇನಿಲ್ಲ, ನಾನೂ ಒಂದು ಡಬ್ಬಿ ಗೆದ್ದಿದ್ದೇನೆ. ಆದರೆ ಅದರಿಂದ ಯಾರೂ ವಿಧಾನ ಕಲಿತದ್ದು ನೋಡಿಲ್ಲ.

ಇನ್ನು ಮ್ಯಾನೇಜರ್ ಆದವರಿಗೆ. ನಿಮ್ಮ ಶಾಪ್‌ನಲ್ಲಿ ಯಾರಿಗೆ ಶಭಾಷ್ ಸಿಗುತ್ತದೆ ಒಮ್ಮೆ ನೋಡಿ. ರಾತ್ರಿ ಎರಡರವರೆಗೆ ನಿಂತು ರಿವರ್ಕ್ ಮಾಡಿಸಿ ಲಾರಿ ಕಳಿಸಿದವನಿಗಾ, ರಿವರ್ಕೇ ಬಾರದ ಹಾಗೆ ಮಾಡಿದವನಿಗಾ? ಮೊದಲನೆಯವನ ಸಾಹಸ ಎಲ್ಲರಿಗೂ ಕಾಣುತ್ತದೆ. ಎರಡನೆಯವನ ಟೇಬಲ್ ಮೇಲೆ ಏನೂ ನಡೆಯುತ್ತಿಲ್ಲ ಅಂತ ಕಾಣುತ್ತದೆ, ಅವನಿಗೆ ಇನ್ನೂ ನಾಲ್ಕು ಕೆಲಸ ಹಚ್ಚುತ್ತಾರೆ. ಹೀಗಿರುವಾಗ ಯಾರು ಯಾಕೆ ಬೋರ್ಡ್ ಮುಂದೆ ನಿಲ್ಲುತ್ತಾರೆ ಹೇಳಿ. ಮತ್ತೊಂದು, ಐದನೇ ಯಾಕೆ ನಿಮ್ಮ ಹತ್ತಿರ ಬಂದಾಗ ನೀವು ಮೊದಲ ಸಲ ಹೇಗೆ ಮಾತಾಡುತ್ತೀರಿ ಅನ್ನುವುದನ್ನು ಇಡೀ ಶಾಪ್ ನೋಡುತ್ತಿರುತ್ತದೆ. ನಮ್ಮ ಸಾಹೇಬರು ಆವತ್ತು ಸಿಡುಕಿದ್ದರೆ ಆ ಕರಿ ಬೋರ್ಡ್ ಸ್ಕ್ರಾಪ್‌ಗೆ ಹೋಗುತ್ತಿತ್ತು.

ಎಲ್ಲವೂ ಸರಿಹೋಗಿದೆ ಅಂತಲ್ಲ. ಎರಡನೇ ಪಾಳಿಯವರು ಇನ್ನೂ ಗುಳ್ಳೆ ಎಣಿಸಿ ಬರೆಯುವುದಿಲ್ಲ, ಓಕೆ ಅಂತ ಗೀಚುತ್ತಾರೆ. ಅವರ ಸೂಪರ್‌ವೈಸರ್‌ಗೆ ಇದು ಕ್ವಾಲಿಟಿಯವರ ಹುಚ್ಚು ಅನ್ನುವ ಅಭಿಪ್ರಾಯ ಇದೆ, ಅದನ್ನು ನನ್ನ ಮುಂದೆಯೇ ಹೇಳಿದ್ದಾರೆ. ಒಳ್ಳೆಯದೇ, ಬೆನ್ನ ಹಿಂದೆ ಹೇಳುವುದಕ್ಕಿಂತ. ಕಸ್ಟಮರ್‌ಗಳೂ ಬದಲಾಗಿಲ್ಲ. 24 ಗಂಟೆಯಲ್ಲಿ ಮೂಲ ಕಾರಣ ಬೇಕು ಅಂತಾರೆ. ಅಷ್ಟರಲ್ಲಿ ಮಾಲು ತಡೆದಿದ್ದೇವೆ ಅಂತ ಹೇಳಬಹುದು, ಕಾರಣ ಹೇಳಲು ಆಗುವುದಿಲ್ಲ. ಈಗ ನಾನು ಮೊದಲ ಉತ್ತರದಲ್ಲಿ ಮೂರನೇ ಡಿವರೆಗೆ ಮಾತ್ರ ಬರೆದು, ಕಾರಣಕ್ಕೆ ತಾರೀಖು ಕೊಡುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಫೋನ್ ಮಾಡಿ ಬಯ್ಯುತ್ತಾರೆ.

ಸದ್ಯ ಗ್ಲ್ಯಾಂಡ್ ಪ್ಯಾಕಿಂಗ್ ಹತ್ತಿರ, ಅಂದ್ರೆ ಗೇಟ್ ಎತ್ತಿಳಿಸುವ ಸ್ಟೆಮ್ ಅನ್ನುವ ಕಡ್ಡಿಯ ಸುತ್ತ ಸೋರದಂತೆ ತುಂಬುವ ಪ್ಯಾಕಿಂಗ್ ಹತ್ತಿರ, ಒಂದು ಲೀಕ್ ಶುರುವಾಗಿದೆ. ಪ್ಯಾಕಿಂಗ್ ಕಳಿಸುವವರು ಮಾಲು ಬದಲಾಯಿಸಿದ್ದಾರೆ ಅಂತ ಕಾಕಾ ಹೇಳುತ್ತಾರೆ. ಸ್ಟೆಮ್‌ನ ಫಿನಿಶ್ ಕೆಟ್ಟಿದೆ ಅಂತ ಹುಡುಗ, ಅದೂ ಕಾಕಾ ಎದುರಿಗೇ, ಬೋರ್ಡ್ ಮೇಲೆ ತಾನೇ ಬರೆದಿದ್ದಾನೆ. ಶನಿವಾರ ಹಳೆಯ ಪ್ಯಾಕಿಂಗ್ ಹೊಸ ಸ್ಟೆಮ್‌ಗೆ, ಹೊಸ ಪ್ಯಾಕಿಂಗ್ ಹಳೆಯ ಸ್ಟೆಮ್‌ಗೆ ಹಾಕಿ ನೋಡುತ್ತೇವೆ.